ಮುಗಿಲೆತ್ತರದ ಕಟ್ಟಡ, ಬಾಗಿಲಲ್ಲೇ ನಿಂತ ಕನ್ನಡ



ಬೆಂಗಳೂರಿಗೆ ಹೋದಾಗಲೆಲ್ಲ ನೀವು ಕತ್ತೆತ್ತಿ ನೋಡುವ ಆ ಗಾಜಿನ ಕಟ್ಟಡಗಳ ಒಳಗೆ ಎಂದಾದರೂ ಕಾಲಿಟ್ಟಿದ್ದೀರಾ? ಇಟ್ಟಿದ್ದರೆ ನಿಮಗೊಂದು ಪ್ರಶ್ನೆ. ಅಲ್ಲಿ ಕನ್ನಡ ಎಷ್ಟನೇ ಅಂತಸ್ತಿನವರೆಗೆ ನಿಮ್ಮ ಜೊತೆ ಬಂತು? ಹತ್ತನೆಯದಕ್ಕೆ? ಎರಡನೆಯದಕ್ಕೆ? ಅಥವಾ ಗೇಟಿನ ಬಳಿಯೇ ಚಪ್ಪಲಿಯ ಹಾಗೆ ಬಿಟ್ಟು ಹೋಗಬೇಕಾಯಿತೇ?

ಈ ಪ್ರಶ್ನೆ ನನ್ನದಲ್ಲ, ನಮ್ಮ ಮಾವನದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆಯವರು. ಜೀವಮಾನವಿಡೀ ಕಾವಲಿನಲ್ಲಿ ಕುರಿ ಮೇಯಿಸಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿ ಲಾಟೀನಿನ ಬೆಳಕಿನಲ್ಲಿ ಅಕ್ಷರ ಕಲಿತರು. ಅಂದಿನಿಂದ ಅವರಿಗೊಂದು ಚಟ. ಕಣ್ಣಿಗೆ ಬಿದ್ದ ಕನ್ನಡದ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವುದು. ಬಸ್ಸಿನಲ್ಲಿ ಕೂತರೆ ಚಳ್ಳಕೆರೆಯಿಂದ ಹಿರಿಯೂರಿನವರೆಗೆ ಗೊಬ್ಬರದ ಅಂಗಡಿ, ಎಣ್ಣೆ ಮಿಲ್ಲು, ಕಲ್ಯಾಣ ಮಂಟಪ ಒಂದನ್ನೂ ಬಿಡುವುದಿಲ್ಲ. ಕಲಿತ ಅಕ್ಷರ ಕೈಬಿಟ್ಟು ಹೋದೀತೆಂಬ ಭಯ ಅವರಿಗೆ.

ಅವರ ಮಗಳು ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡದಲ್ಲಿ ಗುತ್ತಿಗೆದಾರನ ಕೈಕೆಳಗೆ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. ಕಸ ಗುಡಿಸುವುದು, ಕಕ್ಕಸು ತೊಳೆಯುವುದು, ಗಾಜು ಒರೆಸುವುದು. ಮಗಳನ್ನು ನೋಡಬೇಕು, ಅವಳು ದುಡಿಯುವ ಆ ಮುಗಿಲ ಕಟ್ಟಡವನ್ನೂ ನೋಡಬೇಕು ಎಂದು ಮಾವ ಹಟ ಹಿಡಿದರು. ನಾನು ಜೊತೆಗೆ ಹೊರಟೆ.

ಮೂರು ಕಟ್ಟಡ, ಮೂರು ಕಾಲ

ಮೊದಲು ವಿಧಾನಸೌಧದ ಮುಂದೆ ನಿಂತೆವು. 1951ರ ಜುಲೈನಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯನವರು ಅದನ್ನು ಈಗಿನ ರೂಪಕ್ಕೆ ಹಿಗ್ಗಿಸಿ ಕಟ್ಟಿಸಿದರು. 1956ರಲ್ಲಿ ಕೆಲಸ ಮುಗಿಯಿತು. ಹೊರದೇಶದಿಂದ ಬಂದ ಅತಿಥಿಗಳು ಬೆಂಗಳೂರು ಸುತ್ತಿ, ಇಲ್ಲಿರುವುದೆಲ್ಲ ಯೂರೋಪಿನವರ ಕಟ್ಟಡಗಳೇ, ನಿಮ್ಮದು ಯಾವುದು ಎಂದು ಕೇಳಿದರಂತೆ. ಆ ಮಾತು ಹನುಮಂತಯ್ಯನವರಿಗೆ ನಾಟಿತಂತೆ. ಅದಕ್ಕೇ ದ್ರಾವಿಡ ಶೈಲಿಯ ಕಂಬ, ಕಮಾನು, ಗೋಪುರ ಎಂಬ ಮಾತು ಇಂದಿಗೂ ಉಳಿದಿದೆ. ಮಾವ ಹಣೆಪಟ್ಟಿ ನೋಡಿ ಗಟ್ಟಿಯಾಗಿ ಓದಿದರು: "ಸರ್ಕಾರದ ಕೆಲಸ ದೇವರ ಕೆಲಸ." ಒಂದು ಕ್ಷಣ ಸುಮ್ಮನಿದ್ದು, "ಅದಕ್ಕೇ ಅಳಿಯಾ, ದೇವ್ರಂಗೇ ಕಣ್ಣಿಗೆ ಕಾಣಲ್ಲ" ಎಂದರು. ನಗು ಬಂತು. ಆದರೆ ಗಮನಿಸಿ ಬಂಧುಗಳೇ, ಕುರಿ ಕಾಯುವ ಮನುಷ್ಯ ರಾಜ್ಯದ ಇಂಥ ದೊಡ್ಡ ಕಟ್ಟಡದ ಮುಂದೆ ನಿಂತು ಅದನ್ನು ಓದಿ, ತಮಾಷೆಯನ್ನೂ ಮಾಡಿದ. ಓದಲು ಬಂದದ್ದರಿಂದ ತಾನೇ ಅವನಿಗೆ ಟೀಕಿಸಲು ಬಂದದ್ದು?

ಅಲ್ಲಿಂದ ಮಹಾತ್ಮ ಗಾಂಧಿ ರಸ್ತೆ. 1973ರ ಹೊತ್ತಿಗೆ ಎದ್ದು ನಿಂತ ಪಬ್ಲಿಕ್ ಯುಟಿಲಿಟಿ ಕಟ್ಟಡ. ಇಪ್ಪತ್ತೈದು ಅಂತಸ್ತು, ಸುಮಾರು 106 ಮೀಟರ್ ಎತ್ತರ. ನಮ್ಮ ಕಡೆಯ ಜನ ಅಂದು ಬೆಂಗಳೂರಿಗೆ ಹೋಗಿ ಬಂದರೆ ಊರಲ್ಲಿ ಹೇಳುತ್ತಿದ್ದದ್ದು ಎರಡೇ ಸಂಗತಿ: ಲಾಲ್‌ಬಾಗ್ ನೋಡಿದೆ, ಇಪ್ಪತ್ತೈದು ಅಂತಸ್ತಿನ ಬಿಲ್ಡಿಂಗ್ ನೋಡಿದೆ. ಅದು ನಗರಪಾಲಿಕೆ ಸಾರ್ವಜನಿಕರಿಗಾಗಿ ಕಟ್ಟಿಸಿದ್ದು. ಹೆಸರಿನಲ್ಲೇ 'ಪಬ್ಲಿಕ್' ಇತ್ತು. ಹೆಸರು ಇಂಗ್ಲಿಷಾದರೂ ಒಳಗೆ ಹೋಗುವುದಕ್ಕೆ ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ.

ಮೂರನೆಯದು ಮಗಳು ದುಡಿಯುವ ಕಟ್ಟಡ. ಅದರ ಹೆಸರು ಇಲ್ಲಿ ಬೇಡ. ಒಂದಕ್ಕೆ ಹೆಸರಿಟ್ಟು ಉಳಿದವನ್ನು ಸುಮ್ಮನೆ ಬಿಟ್ಟಂತಾಗಬಾರದು. ಹೊರಗೆ ದೊಡ್ಡ ಫಲಕದಲ್ಲಿ ಕನ್ನಡ ಇತ್ತು, ಸುಳ್ಳು ಹೇಳಬಾರದು. 2023ರ ಡಿಸೆಂಬರಿನಲ್ಲಿ ಕನ್ನಡ ಕಾರ್ಯಕರ್ತರು ಬೆಂಗಳೂರಿನ ಬೀದಿಗಿಳಿದು ಜೈಲಿಗೂ ಹೋದರು. ಅದರ ಬೆನ್ನಿಗೇ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಆ ಹೋರಾಟದ ಫಲ ಬಾಗಿಲ ಮೇಲೆ ಹೊಳೆಯುತ್ತಿತ್ತು. ಮಾವ ಸಂತೋಷದಿಂದ ಅದನ್ನು ಓದಿ ಒಳಗೆ ಕಾಲಿಟ್ಟರು.

ಅಲ್ಲಿಗೆ ಓದುವುದು ಮುಗಿಯಿತು.

ಒಳಗೆ ಏನಿತ್ತು?

ಸೆಕ್ಯುರಿಟಿಯ ಹುಡುಗ "ಕಿಧರ್ ಜಾನಾ ಹೈ?" ಎಂದ. "ಮಗಳನ್ನ ನೋಡೋಕೆ ಬಂದೀವಪ್ಪಾ" ಎಂದರು ಮಾವ. ಅವನಿಗೆ ಅರ್ಥವಾಗಲಿಲ್ಲ. ಇವರಿಗೆ ಅವನದು ಅರ್ಥವಾಗಲಿಲ್ಲ. ವಿಸಿಟರ್ ಪುಸ್ತಕ ಇಂಗ್ಲಿಷಿನಲ್ಲಿ. ಬೆರಳಿಟ್ಟು ವಿವರ ತುಂಬುವ ಯಂತ್ರ ಇಂಗ್ಲಿಷಿನಲ್ಲಿ. ಗೋಡೆಯ ಮೇಲಿನ ಕಚೇರಿಗಳ ಪಟ್ಟಿ ಇಂಗ್ಲಿಷಿನಲ್ಲಿ. ಲಿಫ್ಟು ಹೊಸ ಮಾದರಿಯದು. ಹೊರಗಿನ ಹಲಗೆಯಲ್ಲೇ ಅಂತಸ್ತಿನ ಸಂಖ್ಯೆ ಒತ್ತಬೇಕು. ಒಳಗೆ ಹೋದರೆ ಒತ್ತಲು ಗುಂಡಿಯೇ ಇಲ್ಲ. ಮೇಲಿಂದ ಯಾವುದೋ ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. "ಏನಂತೆ ಅಳಿಯಾ?" ಎಂದರು. "ಬಾಗಿಲು ಮುಚ್ಚುತ್ತಂತೆ ಮಾವ" ಎಂದೆ. "ಅದನ್ನ ನಮ್ಗೂ ಹೇಳಬೌದಿತ್ತಲ್ಲ" ಎಂದರು.

ಕನ್ನಡ ಒಳಗೆ ಎಲ್ಲೂ ಇರಲಿಲ್ಲವೇ? ಇತ್ತು. ಹಿಂಬದಿಯ ಸರಕಿನ ಗೇಟಿನ ಬಳಿ ಇತ್ತು. 'ಇಲ್ಲಿ ಉಗುಳಬಾರದು.' 'ಇಲ್ಲಿ ಮೂತ್ರ ಮಾಡಬಾರದು.' 'ಕೆಲಸಗಾರರು ಈ ದಾರಿಯಲ್ಲೇ ಬರತಕ್ಕದ್ದು.' ಸ್ವಾಗತ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ! ಕನ್ನಡದವನು ಬಂದರೆ ಉಗುಳುವುದಕ್ಕೇ ಬರುತ್ತಾನೆ ಎಂದು ಕಟ್ಟಡದವರು ತೀರ್ಮಾನಿಸಿದಂತಿತ್ತು. ಓದುಗರೇ, ನೀವೂ ಮುಂದಿನ ಸಲ ಹೋದಾಗ ಇದನ್ನು ಗಮನಿಸಿ. ಎಷ್ಟು ಕಡೆ ನಮ್ಮ ಭಾಷೆ 'ಬಾರದು', 'ಕೂಡದು' ಎಂಬೆರಡು ಪದಗಳಿಗೆ ಮಾತ್ರ ಉಳಿದಿದೆ ಎಂದು ಎಣಿಸಿ ನೋಡಿ.

ಊಟದ ಹೊತ್ತಿಗೆ ಮಗಳು ಕೆಳಗಿಳಿದು ಬಂದಳು. ಮೆಟ್ಟಿಲ ಪಕ್ಕ ಕೂತು ಮುದ್ದೆಯ ಬುತ್ತಿ ಬಿಚ್ಚಿದೆವು. ಮಾತಿಗೆ ಮಾತು ಬಂದು ಅವಳೊಂದು ಸಂಗತಿ ಹೇಳಿದಳು. ಆಗಾಗ ಬೆಂಕಿ ಬಿದ್ದಾಗ ಏನು ಮಾಡಬೇಕೆಂಬ ಅಣಕು ಕವಾಯತು ನಡೆಯುತ್ತದಂತೆ. ಗಂಟೆ ಹೊಡೆಯುತ್ತದಂತೆ, ಮೈಕಿನಲ್ಲಿ ಹೇಳುತ್ತಾರಂತೆ.

"ಮೈಕಲ್ಲಿ ಏನು ಹೇಳ್ತಾರವ್ವಾ?" ಎಂದರು ಮಾವ.

"ಗೊತ್ತಿಲ್ಲಪ್ಪ. ಎಲ್ರೂ ಎದ್ದು ಹೋದ್ರೆ ನಾನೂ ಹೋಗ್ತೀನಿ."

ಮಾವ ತುತ್ತು ಕೆಳಗಿಟ್ಟರು. "ಎಲ್ರೂ ಹೋದ್ಮೇಲೆ ನೀನೊಬ್ಳೇ ಕಕ್ಕಸು ತೊಳೀತಾ ಇದ್ರೆ?"

ಆ ಹುಡುಗಿ ಉತ್ತರ ಹೇಳಲಿಲ್ಲ. ನನ್ನಲ್ಲೂ ಉತ್ತರವಿರಲಿಲ್ಲ. ಇಡೀ ಲೇಖನವನ್ನು ನಾನು ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಇದು ಅಭಿಮಾನದ ಮಾತಷ್ಟೇ ಅಲ್ಲ

ಕನ್ನಡ ಎಂದರೆ ಕೆಲವರು ಮೂಗು ಮುರಿಯುತ್ತಾರೆ. "ನಿಮ್ಮದು ಬರೀ ಭಾವನೆಯ ಗಲಾಟೆ, ಬೋರ್ಡಿಗೆ ಮಸಿ ಬಳಿಯುವುದು ಬಿಟ್ಟು ಬೇರೆ ಗೊತ್ತಿಲ್ಲ" ಎನ್ನುತ್ತಾರೆ. ಅಂಥವರಿಗೆ 2010ರ ಫೆಬ್ರವರಿ 23 ಅನ್ನು ನೆನಪಿಸಬೇಕು. ಅಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊಗೆ ತುಂಬಿಕೊಂಡಿತು. ಹೊರಬರುವ ದಾರಿ ಸಿಗದೆ ಕಿಟಕಿಯಿಂದ ಹಾರಿದವರಿದ್ದರು. ಒಂಬತ್ತು ಜನ ಸತ್ತರು. ಅದೇನೂ ಮುಗಿಲೆತ್ತರದ ಕಟ್ಟಡವಲ್ಲ, ಕೆಲವೇ ಅಂತಸ್ತಿನದು.

ಅಲ್ಲಿ ಸತ್ತವರು ಭಾಷೆ ತಿಳಿಯದೆ ಸತ್ತರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸತ್ತವರಿಗೂ ಸತ್ಯಕ್ಕೂ ಅಪಚಾರ. ಆದರೆ ಆ ದುರಂತ ಒಂದು ಪಾಠ ಕಲಿಸಿತು: ಎತ್ತರದ ಕಟ್ಟಡದಲ್ಲಿ ಜೀವ ಉಳಿಯುವುದು ಹೊರದಾರಿ ಎಲ್ಲಿದೆ ಎಂದು ಕ್ಷಣದಲ್ಲಿ ತಿಳಿದವನದು. 'ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಇಳಿಯಿರಿ' ಎಂಬ ಒಂದು ಸಾಲು ಓದಿಕೊಂಡವನದು. ಆ ಒಂದು ಸಾಲು ನಮ್ಮ ಹುಡುಗಿಗೆ ಓದಲು ಬರುವ ಭಾಷೆಯಲ್ಲಿ ಇಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ಸಾಹೇಬರಿಗೆ ಇಂಗ್ಲಿಷ್ ಬರುತ್ತದೆ, ಅವರು ಇಳಿದು ಹೋಗುತ್ತಾರೆ. ಅವರ ಕೋಣೆ ಗುಡಿಸುವವಳು?

'ಉಗುಳಬಾರದು' ಎಂದು ಕನ್ನಡದಲ್ಲಿ ಬರೆಸಲು ಬಣ್ಣವಿತ್ತು. 'ಓಡಿ, ಜೀವ ಉಳಿಸಿಕೊಳ್ಳಿ' ಎಂದು ಬರೆಸುವಾಗ ಬಣ್ಣ ಮುಗಿದುಹೋಯಿತೇ?

ಶಾಂಘೈ ಕನಸು ಕಂಡವರೇ, ಶಾಂಘೈ ನೋಡಿ ಬನ್ನಿ

ನಮ್ಮ ದೊರೆಗಳಿಗೆ ಒಂದು ಕಾಯಿಲೆ. ಬೆಂಗಳೂರನ್ನು ಬೆಂಗಳೂರಾಗಿ ಇರಗೊಡುವುದಿಲ್ಲ. ಎಸ್. ಎಂ. ಕೃಷ್ಣ ಅವರ ಕಾಲದಲ್ಲಿ ಸಿಂಗಪುರ ಮಾಡುತ್ತೇವೆ ಎಂದರು. ಆಮೇಲೆ ಬಂದವರ ಬಾಯಲ್ಲಿ ಶಾಂಘೈ ಬಂತು. ಆಗಲಿ ಸ್ವಾಮಿ, ಶಾಂಘೈಯನ್ನೇ ನೋಡೋಣ. ಆದರೆ ಕಣ್ಣು ಬಿಟ್ಟು ನೋಡೋಣ.

ಶಾಂಘೈಯ ಹುವಾಂಗ್‌ಪು ನದಿಯ ಪೂರ್ವ ದಡದಲ್ಲಿ ಪುಡೊಂಗ್ ಎಂಬ ಪ್ರದೇಶವಿದೆ. ಅದರ ಅಭಿವೃದ್ಧಿಯನ್ನು ಚೀನಾ ಸರ್ಕಾರ ಘೋಷಿಸಿದ್ದು 1990ರಲ್ಲಿ. ಅಲ್ಲಿನ ಲುಜಿಯಾಜ್ವಿ ಈಗ ಹಣಕಾಸಿನ ಕೇಂದ್ರ. 1994ರಲ್ಲಿ 468 ಮೀಟರ್ ಎತ್ತರದ ಓರಿಯೆಂಟಲ್ ಪರ್ಲ್ ದೂರದರ್ಶನ ಗೋಪುರ ಎದ್ದಿತು. 1999ರಲ್ಲಿ ಜಿನ್ ಮಾವ್, ಸುಮಾರು 421 ಮೀಟರ್. 2008ರಲ್ಲಿ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್, 492 ಮೀಟರ್. 2015ರಲ್ಲಿ ಶಾಂಘೈ ಗೋಪುರ, 632 ಮೀಟರ್. ನಮ್ಮ ಪಬ್ಲಿಕ್ ಯುಟಿಲಿಟಿ ಕಟ್ಟಡವನ್ನು ಒಂದರ ಮೇಲೊಂದು ಆರು ಸಲ ಇಟ್ಟಷ್ಟು! ಪ್ರವಾಸಿಗಳು ಟಿಕೆಟ್ ತೆಗೆದುಕೊಂಡು ಲಿಫ್ಟಿನಲ್ಲಿ ನಿಂತರೆ ಒಂದು ನಿಮಿಷದೊಳಗೆ 118ನೇ ಅಂತಸ್ತಿನಲ್ಲಿ ಇಳಿಯುತ್ತಾರೆ.

ನಮ್ಮವರು ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ನೋಡಬೇಕಾದ್ದನ್ನು ಮಾತ್ರ ನೋಡುವುದಿಲ್ಲ. ಜಿನ್ ಮಾವ್ ಕಟ್ಟಡಕ್ಕೆ ನಕ್ಷೆ ಬರೆದವರು ಅಮೆರಿಕದ ಷಿಕಾಗೋದವರು. ಆದರೂ ಅದರ ಆಕಾರ ಚೀನಾದ ಹಳೆಯ ಪಗೋಡದ್ದು. ಅದಕ್ಕೆ ಎಂಬತ್ತೆಂಟು ಅಂತಸ್ತು. ಯಾಕೆ? ಚೀನೀಯರ ಬಾಯಲ್ಲಿ ಎಂಟು ಎಂಬ ಪದದ ಉಚ್ಚಾರ ಏಳಿಗೆ ಎಂಬ ಪದದ ಉಚ್ಚಾರಕ್ಕೆ ಹತ್ತಿರ, ಅದಕ್ಕೆ ಎಂಟು ಶುಭ. ಅವರ ಭಾಷೆಯ ಒಂದು ಉಚ್ಚಾರ ಪರದೇಶದ ಎಂಜಿನಿಯರನ ಲೆಕ್ಕದೊಳಗೆ ಹೋಗಿ ಕೂತಿತು!

ವರ್ಲ್ಡ್ ಫೈನಾನ್ಷಿಯಲ್ ಸೆಂಟರಿನದು ಇನ್ನೂ ಸ್ವಾರಸ್ಯದ ಕತೆ. ಅದನ್ನು ಕಟ್ಟಿಸಿದ್ದು ಜಪಾನಿನ ಮೋರಿ ಕಂಪನಿ. ಮೊದಲ ನಕ್ಷೆಯಲ್ಲಿ ತುದಿಯಲ್ಲೊಂದು ದುಂಡನೆಯ ಕಿಂಡಿ ಇತ್ತು. ಅದು ಜಪಾನಿನ ಬಾವುಟದ ಉದಯಸೂರ್ಯನ ಹಾಗೆ ಕಾಣುತ್ತದೆ ಎಂದು ಚೀನೀಯರು ತಕರಾರು ತೆಗೆದರು. ಜಪಾನಿನ ದಂಡು ಶಾಂಘೈಯನ್ನು ಹೊಕ್ಕ ನೆನಪು ಅವರಿಗೆ ಮಾಸಿರಲಿಲ್ಲ. ಕಿಂಡಿ ನಾಲ್ಕು ಮೂಲೆಯ ಆಕಾರಕ್ಕೆ ತಿರುಗಿತು. ಈಗ ನೋಡಿದವರು ಸೋಡಾ ಬಾಟಲಿ ತೆಗೆಯುವ ಓಪನರಿನಂತಿದೆ ಎಂದು ನಗುತ್ತಾರೆ. ನಗಲಿ. ಹಣ ಹಾಕಿದವನು ಪರಕೀಯನಾದರೂ ನೆಲ ನಮ್ಮದು, ಮಾತು ನಮ್ಮದು ನಡೆಯಬೇಕು ಎಂದು ಅವರು ಪಟ್ಟು ಹಿಡಿದರು. ಬಂಡವಾಳ ಓಡಿಹೋಯಿತೇ? ಇಲ್ಲ. ಕಟ್ಟಡ ಎದ್ದಿತು.

ನಮ್ಮಲ್ಲಿ ಏನಾಗುತ್ತದೆ? 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಟುರು ಹಾಕಿದರು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕೊಟ್ಟ ವರದಿಯ ಗತಿ ನಿಮಗೆ ಗೊತ್ತೇ ಇದೆ. ಶಾಂಘೈಯ ಎತ್ತರ ಬೇಕು, ಆ ಬೆನ್ನುಮೂಳೆ ಮಾತ್ರ ಬೇಡ. ಇದು ನಮ್ಮವರ ಶಾಂಘೈ!

ಆದರೆ ಶಾಂಘೈಯ ಇನ್ನೊಂದು ಮುಖ

ಹಾಗೆಂದು ಚೀನಾವನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಓದುಗರಿಗೆ ಅರ್ಧ ಸತ್ಯ ಹೇಳುವುದು ಈ ಲೇಖಕನ ಕೆಲಸವಲ್ಲ.

ಚೀನಾದಲ್ಲಿ 2000ದಲ್ಲಿ ಭಾಷೆಯ ಕಾಯ್ದೆಯೊಂದು ಬಂತು, 2001ರ ಜನವರಿ 1ರಿಂದ ಜಾರಿಯಾಯಿತು. ಬೀಜಿಂಗಿನ ಕಡೆಯ ಮಾತನ್ನು ಆಧರಿಸಿದ ಪುತೊಂಗ್‌ಹ್ವಾ ಅಲ್ಲಿನ ಪ್ರಮಾಣ ಭಾಷೆ. ಕಚೇರಿ, ಶಾಲೆ, ಫಲಕ, ಪ್ರಸಾರ ಎಲ್ಲಕ್ಕೂ ಅದೇ. ಶಾಂಘೈಯ ಜನರಿಗೆ ತಮ್ಮದೇ ಆದ ನುಡಿಯೊಂದಿದೆ, ಶಾಂಘೈನುಡಿ. ಬೀಜಿಂಗಿನವನು ಕೇಳಿದರೆ ಅರ್ಥವಾಗದಷ್ಟು ಬೇರೆ. ಇವತ್ತು ಆ ಮುಗಿಲೆತ್ತರದ ಕಟ್ಟಡಗಳ ನೆರಳಲ್ಲಿ ಹುಟ್ಟಿದ ಮಕ್ಕಳು ಅಜ್ಜಿಯ ಮಾತನ್ನು ಅರ್ಥ ಮಾಡಿಕೊಂಡರೂ ತಿರುಗಿ ಆಡುವುದಕ್ಕೆ ತಡವರಿಸುತ್ತಾರೆ. ಶಾಲೆಯಲ್ಲಿ ಅದಕ್ಕೆ ಜಾಗವಿಲ್ಲ. ಊರು ಮೇಲೆ ಹೋಯಿತು, ಊರಿನ ನುಡಿ ಕೆಳಗೆ ಉಳಿಯಿತು.

ಆದ್ದರಿಂದ ಶಾಂಘೈಯಿಂದ ಕಲಿಯಬೇಕಾದ ಪಾಠ ಎರಡು. ಪರದೇಶದ ಹಣ ಬಂದಾಗ ತಲೆಬಾಗದೆ ನಿಲ್ಲುವುದು ಒಂದು. 'ದೇಶಕ್ಕೊಂದೇ ಭಾಷೆ' ಎಂಬ ರೋಲರು ಉರುಳಿದರೆ ದೊಡ್ಡ ಊರಿನ ಸ್ವಂತ ನುಡಿಯೂ ನೆಲಸಮವಾಗುತ್ತದೆ ಎಂಬುದು ಇನ್ನೊಂದು. 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳ ಫಲಕದಲ್ಲಿ ಹಿಂದಿ ಯಾಕೆ ಎಂದು ಕೇಳಿದಾಗ ನಮ್ಮನ್ನು ಸಂಕುಚಿತರು ಎಂದವರು ಶಾಂಘೈಯ ಅಜ್ಜಿ ಮೊಮ್ಮಕ್ಕಳನ್ನು ಒಮ್ಮೆ ಕೇಳಲಿ.

ಬ್ರಹ್ಮಗಿರಿಯ ಬಂಡೆ ಹೇಳುವ ಮಾತು

ದೂರದ ಶಾಂಘೈ ಸಾಕು, ಈಗ ನಮ್ಮ ಮಗ್ಗುಲಿಗೆ ಬನ್ನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ನೆಟ್ಟ ಸರ್ಕಾರಿ ಫಲಕ ಅದು. ಭಾಷೆ ಯಾವುದು? ಪ್ರಾಕೃತ. ಲಿಪಿ ಬ್ರಾಹ್ಮಿ. ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ ಕೆತ್ತಿದ. ಅದು ದೂರದ ವಾಯವ್ಯ ಗಡಿಯ ಲಿಪಿ. ತಾಯಿತಂದೆಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ಹೇಳಿ ಎಂಬ ಒಳ್ಳೆಯ ಮಾತುಗಳೇ ಅದರಲ್ಲಿವೆ. ಆದರೆ ಬಂಡೆಯ ಕೆಳಗೆ ದನ ಕಾಯುತ್ತಿದ್ದವನಿಗೆ ಅದು ಓದಲು ಬರುತ್ತಿತ್ತೇ? ಆ ಶಾಸನದಲ್ಲಿ ಬರುವ 'ಇಸಿಲ' ಎಂಬ ಊರ ಹೆಸರನ್ನು ಕೆಲವು ವಿದ್ವಾಂಸರು ಕನ್ನಡದ ಪದ ಎನ್ನುತ್ತಾರೆ. ಒಪ್ಪಿದರೆ, ಅಂದೂ ನಮ್ಮದಿದ್ದದ್ದು ಊರ ಹೆಸರೊಂದೇ.

ಅದೇ ಅಶೋಕ ಗ್ರೀಕರಿದ್ದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಅರಮಾಯಿಕ್ ಭಾಷೆಯಲ್ಲೂ ಶಾಸನ ಬರೆಸಿದ. ಜನ ಓದಬೇಕಾದರೆ ಜನರ ಭಾಷೆ ಬೇಕು ಎಂಬುದು ಆ ಚಕ್ರವರ್ತಿಗೆ ಗೊತ್ತಿತ್ತು. ನಮಗೆ ಯಾಕೆ ಕನ್ನಡದಲ್ಲಿ ಬರೆಸಲಿಲ್ಲ ಎಂದರೆ, ಅಂದು ಕನ್ನಡ ಬರಹಕ್ಕೆ ಇಳಿದ ಗುರುತಿಲ್ಲ. ಅವನನ್ನು ದೂರುವಂತಿಲ್ಲ. ಆದರೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಿಂದ ಈಚೆಗೆ ಹದಿನೈದು ಶತಮಾನ ನಮ್ಮ ನಾಡಿನ ಕಲ್ಲು ಕಲ್ಲೂ ಕನ್ನಡ ಮಾತಾಡಿದೆ. ಕೆರೆ ಕಟ್ಟಿಸಿದವನು, ದತ್ತಿ ಬಿಟ್ಟವನು, ತುರುಗೊಳ್ ಕಾಳಗದಲ್ಲಿ ಮಡಿದವನು ಎಲ್ಲರ ಹೆಸರೂ ಕನ್ನಡದಲ್ಲಿ. ಈಗ ಗಾಜಿನ ಕಟ್ಟಡದ ಮಾಲೀಕನಿಗೆ ಯಾವ ನೆಪವಿದೆ? ಲಿಪಿ ಇಲ್ಲವೇ? ಓದುವವರಿಲ್ಲವೇ? ಬರೆಯುವವರಿಲ್ಲವೇ?

ಕುದಾಪುರಕ್ಕೆ ನಾಳೆ ಯಾವ ಬಾಗಿಲು?

ಇದೆಲ್ಲ ಬೆಂಗಳೂರಿನ ಗೋಳು, ನಮಗೇನು ಎನ್ನಬೇಡಿ. ಕುದಾಪುರದ ಸುತ್ತಮುತ್ತಲಿನ ಅಮೃತಮಹಲ್ ಕಾವಲುಗಳಲ್ಲಿ ಏನು ನಡೆಯಿತೆಂದು ನೀವು ಕಂಡಿದ್ದೀರಿ. 2008ರಿಂದ ಈಚೆಗೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಕೇಂದ್ರಕ್ಕೆ 1,810 ಎಕರೆ, ಇಸ್ರೋಗೆ 573 ಎಕರೆ. ನಾಲ್ಕೂ ಸೇರಿ 8,000 ಎಕರೆ ಮೀರಿತು. ಗೋಡೆ ಎದ್ದವು. ಮಾವನ ಕುರಿಗಳು ತಲೆತಲಾಂತರದಿಂದ ನಡೆದ ದಾರಿ ಗೋಡೆಗೆ ಹೋಗಿ ಮುಟ್ಟಿತು. ಹಸಿರು ನ್ಯಾಯಮಂಡಳಿಯ ಮುಂದೆ ಮೊಕದ್ದಮೆಯೂ ನಡೆಯಿತು. ಆ ನ್ಯಾಯ ಅನ್ಯಾಯದ ಚರ್ಚೆ ಬೇರೆಯೇ ಲೇಖನಕ್ಕಾಗುವಷ್ಟಿದೆ.

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ ವರ್ಷಗಳಿಂದ ತರಬೇತಿ ನಡೆಯುತ್ತಿದೆ. ಇದು ಮೆಚ್ಚಬೇಕಾದ ಕೆಲಸ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದ ಓಡುದಾರಿಯಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ತಾನೇ ತಾನಾಗಿ ಬಂದಿಳಿಯಿತು. ವಾಯುಪಡೆಯ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಶಾಂಘೈ ಗೋಪುರದ ಏಳರಷ್ಟು ಎತ್ತರ! 2024ರಲ್ಲಿ ಎರಡು ಸಲ 'ಪುಷ್ಪಕ' ಎಂಬ ಹೆಸರಿನ ವಾಹನ ಮತ್ತೆ ಇಳಿಯಿತು. ನಮ್ಮ ಬರದ ಸೀಮೆಯ ಮುಗಿಲಿನಲ್ಲಿ ಪ್ರಪಂಚವೇ ತಿರುಗಿ ನೋಡುವ ಕೆಲಸ ನಡೆದಿದೆ.

ಹಾಗಾದರೆ ನನ್ನ ಪ್ರಶ್ನೆ ಇಷ್ಟೇ. ಕಾವಲಿನ ಅಂಚಿನ ಶಾಲೆಯ ಮಗುವಿಗೆ ಅದು ಏನು, ಹೇಗೆ ಇಳಿಯಿತು, ಯಾಕೆ ಇಳಿಯಿತು ಎಂದು ಕನ್ನಡದಲ್ಲಿ ಹೇಳುವವರು ಯಾರು? ಶಿವರಾಮ ಕಾರಂತರು 1936ರಲ್ಲೇ 'ಬಾಲಪ್ರಪಂಚ' ಬರೆದು ಮಕ್ಕಳ ಕೈಗೆ ಲೋಕದ ವಿಜ್ಞಾನವನ್ನು ಕನ್ನಡದಲ್ಲಿ ಇಟ್ಟರು. 'ಬಾಲ ವಿಜ್ಞಾನ' ಮಾಸಪತ್ರಿಕೆ 1978ರಿಂದ ಅದೇ ಕೆಲಸಕ್ಕೆ ನಿಂತಿತು. ಕನ್ನಡಕ್ಕೆ ವಿಜ್ಞಾನ ಬಾರದು ಎನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಗಡಿ ತಾಲ್ಲೂಕು ನಮ್ಮದು. ಮನೆಯಲ್ಲಿ ತೆಲುಗು, ಲಂಬಾಣಿ ಆಡುವ ಮಕ್ಕಳೂ ಶಾಲೆಗೆ ಬಂದು ಕನ್ನಡವನ್ನು ಒಲಿದು ಕಲಿಯುತ್ತಾರೆ. ಆ ಕನ್ನಡಕ್ಕೆ ಗೋಡೆಯಾಚೆ ಬೆಲೆಯಿಲ್ಲ ಎಂದಾದರೆ ಆ ಮಕ್ಕಳಿಗೆ ನಾವು ಮಾಡಿದ್ದು ಮೋಸವಲ್ಲವೇ? ಇಂದು ಕುದಾಪುರದಲ್ಲಿ ಗೋಡೆ ಎದ್ದಿದೆ, ನಾಳೆ ಗೋಪುರಗಳೂ ಏಳಬಹುದು. ಆಗ ಅವುಗಳ ಬಾಗಿಲಲ್ಲಿ ನಮ್ಮ ಮಕ್ಕಳು ಮುಂಬಾಗಿಲಿನಿಂದ ಹೋಗುತ್ತಾರೋ, ಹಿಂಬದಿಯ ಸರಕಿನ ಗೇಟಿನಿಂದಲೋ?

ಕೇಳಬೇಕಾದ್ದು ಏನು?

ಬರೀ ಕೂಗಾಡಿದರೆ ಸಾಲದು, ಕೇಳುವುದನ್ನು ಸ್ಪಷ್ಟವಾಗಿ ಕೇಳೋಣ.

ಒಂದು: ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಆ ಪತ್ರ ಕೊಡುವ ಮುನ್ನ ಹೊರದಾರಿ, ಮೆಟ್ಟಿಲು, ಲಿಫ್ಟಿನ ಸೂಚನೆಗಳು ಪ್ರತಿ ಅಂತಸ್ತಿನಲ್ಲೂ ಕನ್ನಡದಲ್ಲಿ ಇವೆಯೇ ಎಂದು ಅಧಿಕಾರಿ ಮೆಟ್ಟಿಲು ಹತ್ತಿ ನೋಡಬೇಕು. ಶೇಕಡ 60ರ ಅಳತೆ ಟೇಪು ಬಾಗಿಲಲ್ಲೇ ನಿಲ್ಲಬಾರದು.

ಎರಡು: ಅಣಕು ಕವಾಯತಿನ ಘೋಷಣೆ ಮೊದಲು ಕನ್ನಡದಲ್ಲಿ ಆಗಬೇಕು. ಒಡಿಶಾದಿಂದಲೋ ಬಿಹಾರದಿಂದಲೋ ಬಂದು ದುಡಿಯುವ ಕೂಲಿಗಳಿದ್ದರೆ ಅವರಿಗೂ ತಿಳಿಯುವ ಹಾಗೆ ಹೇಳಲಿ. ಜೀವಕ್ಕೆ ಭಾಷಾಭೇದವಿಲ್ಲ.

ಮೂರು: ಜನರೊಡನೆ ವ್ಯವಹರಿಸುವ ಸೆಕ್ಯುರಿಟಿ ಸಿಬ್ಬಂದಿಗೆ ಕನ್ನಡ ಕಲಿಸುವ ಖರ್ಚನ್ನು ಗುತ್ತಿಗೆದಾರ ಹೊರಬೇಕು. ಇಲ್ಲೊಂದು ಮಾತು. ಬಾಗಿಲಲ್ಲಿ ನಿಂತ ಆ ಹುಡುಗನ ಮೇಲೆ ದಯವಿಟ್ಟು ಕೈಯೆತ್ತಬೇಡಿ, ಬಾಯಿ ಮಾಡಬೇಡಿ. ಅವನೂ ನಮ್ಮ ಮಾವನ ಮಗಳ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವನು. ಕೊನೆಗೆ ಕೈಸನ್ನೆಯಲ್ಲಿ ದಾರಿ ತೋರಿಸಿ, ಮಾವನಿಗೆ ಕುಡಿಯಲು ನೀರು ಕೊಟ್ಟವನೂ ಅವನೇ. ಜಗಳ ಅವನೊಂದಿಗಲ್ಲ. ಅವನಿಗೆ ನಾಲ್ಕು ಮಾತು ಕನ್ನಡ ಕಲಿಸುವ ಖರ್ಚನ್ನು ಉಳಿಸಿಕೊಂಡವನೊಂದಿಗೆ.

ನಾಲ್ಕು: ಚಳ್ಳಕೆರೆಯ ಕಾವಲುಗಳಲ್ಲಿ ನೆಲ ಪಡೆದ ಸಂಸ್ಥೆಗಳು ಸುತ್ತಲಿನ ಹಳ್ಳಿಗಳಿಗೆ ತಮ್ಮ ಕೆಲಸವನ್ನು, ತಮ್ಮಲ್ಲಿನ ಉದ್ಯೋಗದ ಪ್ರಕಟಣೆಗಳನ್ನು ಕನ್ನಡದಲ್ಲಿ ತಿಳಿಸಬೇಕು. ರಕ್ಷಣೆಯ ಗುಟ್ಟು ಕೇಳುತ್ತಿಲ್ಲ. ಗುಟ್ಟಲ್ಲದ್ದನ್ನಾದರೂ ನಮ್ಮ ಭಾಷೆಯಲ್ಲಿ ಹೇಳಿ.

ಐದನೆಯದು ನಮಗೇ. ಚಳ್ಳಕೆರೆ ಪೇಟೆಯಲ್ಲಿ ಎರಡಂತಸ್ತಿನ ಮಳಿಗೆ ಕಟ್ಟಿ 'ಟವರ್ಸ್' ಎಂದು ಹೆಸರಿಡುವವರು ಯಾರು? ಮನೆಯ ಗೃಹಪ್ರವೇಶದ ಕಾರ್ಡನ್ನು ಓದಲು ಬಾರದ ಅಜ್ಜನಿಗೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಹಂಚುವವರು ಯಾರು? ಬೆಂಗಳೂರಿನ ಕೌಂಟರಿನಲ್ಲಿ ಎದುರಿನವನು ಬಾಯಿ ತೆರೆಯುವ ಮೊದಲೇ ಅರೆಬರೆ ಹಿಂದಿಗೆ ಇಳಿಯುವವರು ಯಾರು? ನಾವೇ ಅಲ್ಲವೇ? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಈ ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಹೇಳಿಕೊಂಡು ತೇರು ಎಳೆಯುತ್ತೇವೆ. ಕೆರೆಯ ಹೂಳು ತೆಗೆಯುವ ದಿನ ಎಷ್ಟು ಜನ ಬರುತ್ತೇವೆ? ಕನ್ನಡದ್ದೂ ಅದೇ ಕತೆ. ನವೆಂಬರಿನಲ್ಲಿ ತೇರು, ಉಳಿದ ಹನ್ನೊಂದು ತಿಂಗಳು ಹೂಳು.

ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಬಹಳ ಹೊತ್ತು ಬೋರ್ಡು ಓದಲಿಲ್ಲ. ಹಿರಿಯೂರು ದಾಟಿದ ಮೇಲೆ ನನ್ನ ಪೆನ್ನು ಕೇಳಿದರು. ಟಿಕೆಟಿನ ಹಿಂದೆ ದಪ್ಪ ಅಕ್ಷರದಲ್ಲಿ ಏನೋ ಬರೆದು, "ಇದನ್ನ ಅವಳಿಗೆ ಕಳಿಸು, ಆ ಬಾಗಿಲ ಪಕ್ಕ ಅಂಟಿಸಿಕೊಳ್ಳಲಿ" ಎಂದರು. ಎರಡೇ ಪದ ಇತ್ತು. 'ಮೆಟ್ಟಿಲು ಇಲ್ಲಿದೆ.'

ಕೋಟಿಗಟ್ಟಲೆ ಸುರಿದು ಕಟ್ಟಿದ ಕಟ್ಟಡ ಮಾಡದೆ ಬಿಟ್ಟ ಕೆಲಸವನ್ನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕುರಿಗಾಹಿ ಬಸ್ ಟಿಕೆಟಿನ ಮೇಲೆ ಮಾಡಿದ. ಓದುಗರೇ, ನಿಮ್ಮ ಮಗಳೋ ತಂಗಿಯೋ ಅಂಥದ್ದೊಂದು ಕಟ್ಟಡದಲ್ಲಿ ದುಡಿಯುತ್ತಿದ್ದರೆ ಇವತ್ತೇ ಕೇಳಿ: ಹೊರದಾರಿ ಎಲ್ಲಿದೆ, ಯಾವ ಭಾಷೆಯಲ್ಲಿ ಬರೆದಿದೆ? ಉತ್ತರ ಬರದಿದ್ದರೆ ಅಗ್ನಿಶಾಮಕ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಒಂದು ನಕಲು ನಿಮ್ಮೂರಿನ ಕನ್ನಡ ಸಂಘಕ್ಕೂ ಕೊಡಿ.

ಸಿರಿಗನ್ನಡಂ ಗೆಲ್ಗೆ.